ಡಿಜೆ ಸೆಟ್ ಮೇಲೆ ಗ್ಲಾಸು ಮಗುಚಿದರೆ: ಯಾವುದಕ್ಕೆ ಖರ್ಚು ಮಾಡಬೇಕು, ಯಾವುದು ದಂಡ

ಹೊಸದಾಗಿ ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಿಂದ ಮಿಕ್ಸ್ ಮಾಡುವ ಯಂತ್ರ) ತೆಗೆದುಕೊಂಡ ಹುಡುಗರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಇದಕ್ಕೆ ಗಟ್ಟಿ ಕವರ್ ತಗೊಳ್ಳುವುದಾ, ಫ್ಲೈಟ್ ಕೇಸ್ (ಸಾಗಿಸುವ ಗಟ್ಟಿ ಪೆಟ್ಟಿಗೆ) ಮಾಡಿಸುವುದಾ?’ ಎರಡೂ ಒಳ್ಳೆಯದೇ. ಆದರೆ ಹಾಡು ಹಾಕುವಾಗ ಎರಡನ್ನೂ ತೆಗೆದಿಟ್ಟಿರುತ್ತೀರಿ, ಗ್ಲಾಸು ಮಗುಚುವುದೂ ಆಗಲೇ. ಮೆಹಂದಿಯ ರಾತ್ರಿ ಮದುಮಗನ ಅಣ್ಣ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಮೊಬೈಲು ಹಿಡಿದುಕೊಂಡು ‘ಇದೊಂದು ಹಾಕಿ ಮಾರಾಯ್ರೆ’ ಎಂದು ಮಿಕ್ಸರ್ ಮೇಲೆ ಬಗ್ಗುತ್ತಾನಲ್ಲ, ಆ ಹೊತ್ತಿಗೆ ಸಾವಿರಗಟ್ಟಲೆ ಕೊಟ್ಟು ತಂದ ಕವರ್ ಮೇಜಿನ ಅಡಿಯಲ್ಲಿ ಬಿದ್ದಿರುತ್ತದೆ.

ಹಾಗಾಗಿ ಮಂಗಳೂರು, ಉಡುಪಿ ಕಡೆ ಕೆಲಸ ಮಾಡುವವರಿಗೆ ನಾನು ಹೇಳುವ ಕ್ರಮ ಬೇರೆ. ಮೊದಲು ಮೇಜು ಸರಿ ಮಾಡಿ. ಆಮೇಲೆ ತಲೆಯ ಮೇಲಿನ ಟರ್ಪಾಲು ನೋಡಿ. ಮೂರನೆಯದು, ಬಿದ್ದದ್ದನ್ನು ತೊಳೆಯಲಿಕ್ಕೆ ಬೇಕಾದ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಿ. ಕವರ್, ಕೇಸ್ ಎಲ್ಲ ಅದರ ನಂತರ.

ಮೇಜಿನ ಮೇಲೆ, ಮೇಜಿನ ಅಡಿಯಲ್ಲಿ

ಅತಿ ಅಗ್ಗದ ರಕ್ಷಣೆ ಎಂದರೆ ಒಂದು ಗಿಡ್ಡ ಸ್ಟೂಲು. ಮೇಜಿಗಿಂತ ತಗ್ಗಿನದ್ದು, ನಿಮ್ಮ ಹಿಂದೆಯೋ ಬದಿಗೋ ಇರಲಿ. ನಿಮ್ಮ ನೀರು, ಬೇರೆಯವರು ತಂದಿಟ್ಟ ಜ್ಯೂಸು ಎಲ್ಲ ಅದರ ಮೇಲೆಯೇ. ಮಗುಚಿದರೂ ನೆಲಕ್ಕೆ ಬೀಳುತ್ತದೆ. ‘ಇಲ್ಲಿ ಗ್ಲಾಸು ಇಡಬೇಡಿ’ ಎಂದು ಬೋರ್ಡು ಬರೆದು ಅಂಟಿಸುವುದಕ್ಕಿಂತ ಇದು ವಾಸಿ, ಯಾಕೆಂದರೆ ಗ್ಲಾಸು ಹಿಡಿದು ಬಂದವನಿಗೆ ಅದನ್ನು ಇಡಲಿಕ್ಕೆ ಒಂದು ಜಾಗ ಬೇಕೇ ಬೇಕು. ಮೇಜಿನ ಮುಂದೆ ನಿಲ್ಲಿಸುವ ಅಲಂಕಾರದ ಬೋರ್ಡು ಕಂಟ್ರೋಲರಿಗಿಂತ ಒಂದು ಗೇಣು ಎತ್ತರ ಇದ್ದರೆ ಎದುರಿನಿಂದ ಬಗ್ಗುವವರ ಕೈ ಅಲ್ಲಿಗೇ ನಿಲ್ಲುತ್ತದೆ.

ಡೆಕೊರೇಶನ್‌ನವರು ಹಾಸುವ ಸ್ಯಾಟಿನ್ ಬಟ್ಟೆಯ ಬಗ್ಗೆ ನನಗೆ ಭಾರೀ ತಕರಾರು ಉಂಟು. ಚಂದ ಕಾಣುತ್ತದೆ, ಸರಿ. ಆದರೆ ಮೇಜಿನ ಒಂದು ಮೂಲೆಯಲ್ಲಿ ಚೆಲ್ಲಿದ್ದನ್ನು ಹೀರಿಕೊಂಡು ಮಿಕ್ಸರಿನ ಅಡಿಗೆ ತಂದು ಮುಟ್ಟಿಸುತ್ತದೆ, ಅಲ್ಲಿ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ. ಬಟ್ಟೆ ಮುಂಭಾಗಕ್ಕೆ ಮಾತ್ರ ಇಳಿಬಿಡಲಿ. ಯಂತ್ರಗಳ ಅಡಿಗೆ ರಬ್ಬರ್ ಮ್ಯಾಟು ಹಾಕಿ, ನಾಲ್ಕು ಮೂಲೆಗೆ ಅರ್ಧ ಇಂಚಿನ ಮರದ ತುಂಡು ಕೊಟ್ಟು ಎತ್ತರಿಸಿ. ಲ್ಯಾಪ್‌ಟಾಪಿಗೆ ಸ್ಟ್ಯಾಂಡ್ ಹೇಗೂ ಬೇಕು. ಅದರ ಕೀಬೋರ್ಡಿಗೆ ಸಿಲಿಕೋನ್ ಹೊದಿಕೆ ಹಾಕಿದರೆ ಕೆಲಸ ಮಾಡುವಾಗಲೂ ರಕ್ಷಣೆ ಇರುತ್ತದೆ. ದುಬಾರಿ ಕವರ್‌ಗಳಿಂದ ಆಗದ ಕೆಲಸ ಇದು. ಕೀಬೋರ್ಡಿನ ಕಡೆಯಿಂದ ಬಿಸಿಗಾಳಿ ಬಿಡುವ ಮಾಡೆಲ್ ಆದರೆ ಮಾತ್ರ ಬೇಡ.

ಎಕ್ಸ್‌ಟೆನ್ಶನ್ ಬಾಕ್ಸ್ ನೆಲದ ಮೇಲೆ ಇಡಲೇಬಾರದು. ಮೇಜಿನ ಕಾಲಿಗೆ ಕಟ್ಟಿ, ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಬರುವಂತೆ ಬಿಡಿ. ವೈರಿನ ಗುಂಟ ಇಳಿದ ನೀರು ಆ ಬಾಗಿದಲ್ಲಿಯೇ ತೊಟ್ಟಿಕ್ಕುತ್ತದೆ. ಅಂಗಳದ ಕಾರ್ಯಕ್ರಮಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಇಲ್ಲದೆ ಲೈನು ತೆಗೆದುಕೊಳ್ಳಬೇಡಿ. ಇದು ಸೆಟ್ಟನ್ನು ಉಳಿಸುವುದಿಲ್ಲ, ನಿಮ್ಮನ್ನು ಉಳಿಸುತ್ತದೆ.

ಕವರ್, ಕೇಸ್, ಟರ್ಪಾಲು

ಡೆಕ್‌ಸೇವರ್‌ನಂಥ ಪಾಲಿಕಾರ್ಬೊನೇಟ್ ಕವರ್ ಆಯಾ ಮಾಡೆಲ್ಲಿಗೆ ಅಳತೆ ಮಾಡಿಯೇ ಬರುತ್ತದೆ, ನಾಬ್‌ಗಳನ್ನು ಒತ್ತದೆ ಕೂರುತ್ತದೆ. ಸೆಟಪ್ ಮುಗಿಸಿ ಜನ ಬರುವವರೆಗಿನ ಎರಡು ಗಂಟೆ, ಊಟದ ವಿರಾಮ, ಮನೆಯಲ್ಲಿ ಧೂಳಿನಿಂದ ಕಾಪಾಡುವುದು, ಇಷ್ಟಕ್ಕೆ ಅದು ಬೆಸ್ಟ್. ಒಂದೇ ಜಾಗದಲ್ಲಿ ಸೆಟ್ ಇಟ್ಟುಕೊಂಡವರಿಗೆ, ಅಂದರೆ ಪಬ್ಬಿನವರಿಗೆ, ಇದು ಸಾಕು. ವಾರಕ್ಕೆರಡು ಕಡೆ ಟೆಂಪೋದಲ್ಲಿ ಹಾಕಿಕೊಂಡು ಹೋಗುವವರಿಗೆ ಫ್ಲೈಟ್ ಕೇಸೇ ಬೇಕು. ಆದರೆ ಅದರೊಳಗಿನ ಫೋಮ್ ಸ್ಪಂಜೇ ಅಲ್ಲವಾ? ಒದ್ದೆ ಕಂಟ್ರೋಲರ್ ಅದರೊಳಗಿಟ್ಟು ಮುಚ್ಚಿದರೆ ಜುಲೈ ತಿಂಗಳಲ್ಲಿ ವಾರದೊಳಗೆ ಬೂಸ್ಟು ಬರುತ್ತದೆ. ತೇವ ಆದ ಫೋಮನ್ನು ಕಿತ್ತು ಬೇರೆಯೇ ಒಣಗಿಸಬೇಕು.

ಈ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ. ಅದು ಮುಗಿಯಿತು ಎನ್ನುವಾಗ ಅಕ್ಟೋಬರಿನಲ್ಲಿ ದಸರಾ ಮೆರವಣಿಗೆಯ ಹೊತ್ತಿಗೆ ಸಂಜೆಯ ಗುಡುಗು ಮಳೆ. ಚಪ್ಪರದಲ್ಲಿ ನಿಜವಾದ ಅಪಾಯ ಹನಿಯದ್ದಲ್ಲ. ಟರ್ಪಾಲು ಜೋತು ಬಿದ್ದಲ್ಲಿ ನೀರು ತುಂಬಿಕೊಂಡಿರುತ್ತದೆ, ಯಾರೋ ಕೋಲಿನಲ್ಲಿ ಕೆಳಗಿನಿಂದ ಎತ್ತುತ್ತಾರೆ, ಬಕೆಟ್‌ಗಟ್ಟಲೆ ನೀರು ಎರಡು ಶೀಟುಗಳ ಸಂದಿಯಿಂದ ಒಮ್ಮೆಗೇ ಇಳಿಯುತ್ತದೆ. ಡಿಜೆ ಮೇಜು ಸಂದಿಯ ಅಡಿಯಲ್ಲಿ ಇರಬಾರದು, ಜೋತು ಬಿದ್ದಲ್ಲಿಯೂ ಇರಬಾರದು. ಚಪ್ಪರದವರಿಗೆ ಮೊದಲೇ ಹೇಳಿ ಅಷ್ಟು ಜಾಗಕ್ಕೆ ಎರಡನೇ ಶೀಟು ಇಳಿಜಾರಾಗಿ ಕಟ್ಟಿಸಿ. ಮಳೆ ಬಂತೆಂದು ಬಿಸಿಯಾದ ಆಂಪ್ಲಿಫೈಯರಿಗೆ ನೇರ ಪ್ಲಾಸ್ಟಿಕ್ ಸುತ್ತುವವರಿದ್ದಾರೆ. ಗಾಳಿಯಾಡದೆ ಅದು ಕಾಯುತ್ತದೆ, ತಣ್ಣಗಾಗುವಾಗ ಪ್ಲಾಸ್ಟಿಕ್ಕಿನ ಒಳಮೈ ಬೆವರುತ್ತದೆ.

ಕೃಷ್ಣಾಷ್ಟಮಿಯ ಮೊಸರು ಕುಡಿಕೆ, ವಿಟ್ಲಪಿಂಡಿ? ಒಳ್ಳೆಯ ಕಂಟ್ರೋಲರ್ ಅಲ್ಲಿಗೆ ತೆಗೆದುಕೊಂಡು ಹೋಗುವುದೇ ಬೇಡ. ಮೇಲಿನಿಂದ ಮೊಸರು, ಬಣ್ಣದ ನೀರು, ಅದರ ಮೇಲೆ ಸೋಣೆಯ ಮಳೆ. ಮಿಕ್ಸ್ ಮೊದಲೇ ಮಾಡಿ ಪೆನ್‌ಡ್ರೈವಿಗೆ ಹಾಕಿ, ಟೆಂಪೋದ ಕ್ಯಾಬಿನ್ ಒಳಗಿನಿಂದ ಹಾಕಿದರೆ ಸಾಕು. ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಕಡೆ ಮರಳಿನ ಮೇಲೆ ಸಣ್ಣ ಪಾರ್ಟಿ ಎಂದರೆ ಐಪಿಎಕ್ಸ್4 ದರ್ಜೆಯ ಪಾರ್ಟಿ ಸ್ಪೀಕರ್ ಬಾಡಿಗೆಗೆ ತನ್ನಿ, ಜೆಬಿಎಲ್ ಪಾರ್ಟಿಬಾಕ್ಸ್ 110 ತರಹದ್ದು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಎರಚಿದ ನೀರನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ಅಲೆಯಲ್ಲಿ ಮುಳುಗಿದರೆ ಆ ಮಾತು ನಡೆಯುವುದಿಲ್ಲ.

ಬಿದ್ದೇ ಹೋಯಿತು

ಮೊದಲು ಕರೆಂಟ್. ಒರೆಸುವುದು ಆಮೇಲೆ. ಸ್ಪೀಕರ್ ಮೊದಲು ಆಫ್ ಮಾಡಬೇಕು, ಇಲ್ಲವಾದರೆ ‘ಧಡ್’ ಎನ್ನುತ್ತದೆ ಎಂಬ ಶಿಸ್ತೆಲ್ಲ ಬೇರೆ ದಿನಕ್ಕೆ ಇರಲಿ. ಡಿಡಿಜೆ-ಎಫ್ಎಲ್ಎಕ್ಸ್4 ಥರದ ಕಂಟ್ರೋಲರಿಗೆ ಯುಎಸ್‌ಬಿಯಿಂದಲೇ ಕರೆಂಟ್, ಆ ಕೇಬಲ್ ಕಿತ್ತರೆ ಮುಗಿಯಿತು. ಸಿಡಿಜೆ (ಹಾಡು ನುಡಿಸುವ ದೊಡ್ಡ ಡಿಜೆ ಪ್ಲೇಯರ್), ದೊಡ್ಡ ಮಿಕ್ಸರ್, ಆಲ್-ಇನ್-ಒನ್ ಸೆಟ್‌ಗಳು 230 ವೋಲ್ಟಿನವು. ಪ್ಲಗ್ಗಿನ ಸುತ್ತ ಒದ್ದೆ ಇದ್ದರೆ ಅದನ್ನು ಮುಟ್ಟದೆ ಮೈನ್ ಇಳಿಸಿ. ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ.

ಇಷ್ಟು ಅವಸರ ಯಾಕೆಂದರೆ, ಹಾಳು ಮಾಡುವುದು ದ್ರವವೂ ಕರೆಂಟೂ ಸೇರಿದಾಗ. ಬೋರ್ಡಿನ ಎರಡು ತಾಮ್ರದ ಗೆರೆಗಳ ನಡುವೆ ಉಪ್ಪೋ ಹುಳಿಯೋ ಇರುವ ನೀರು ನಿಂತು ಅದರಲ್ಲಿ ಕರೆಂಟ್ ಹರಿದರೆ ಪ್ಲಸ್ ಕಡೆಯ ತಾಮ್ರ ಕರಗಿ ಹಸಿರು ಕಿಲುಬಾಗುತ್ತದೆ. ಕರೆಂಟ್ ಇಲ್ಲದೆ ಗಂಟೆಗಟ್ಟಲೆ ಆಗುವ ಹಾನಿ ಕರೆಂಟ್ ಇದ್ದರೆ ನಿಮಿಷಗಳಲ್ಲಿ ಆಗಬಹುದು. ‘ನೋಡುವ, ಆನ್ ಆಗುತ್ತದಾ’ ಎಂದು ಐದು ನಿಮಿಷಕ್ಕೊಮ್ಮೆ ಸ್ವಿಚ್ ಹಾಕುವವರು ಹಾನಿಯನ್ನು ತಾವೇ ಮುಂದುವರಿಸುತ್ತಾರೆ.

ಆಮೇಲೆ ಕಂಟ್ರೋಲರನ್ನು ನಿಧಾನ ಮಗುಚಿ ಹಾಕಿ, ನಾಬ್‌ಗಳು ಕೆಳಮುಖ ಆಗಲಿ. ಫೇಡರಿನ (ದನಿ ಏರಿಸಿ ಇಳಿಸಲಿಕ್ಕೆ ಜಾರಿಸುವ ಗುಂಡಿಯ) ಸೀಳಿನಿಂದ ಒಳಹೋದದ್ದು ಅಲ್ಲಿಂದಲೇ ಹೊರಗೆ ಬರಬೇಕು. ಕುಲುಕಬೇಡಿ, ಕುಲುಕಿದರೆ ಒಣಗಿದ್ದ ಕಡೆಗೂ ಹೋಗುತ್ತದೆ. ಹಳೆಯ ಬೈರಾಸಿನಿಂದ ಒತ್ತಿ ಹೀರಿಸಿ. ಅಷ್ಟೇ. ಆ ರಾತ್ರಿಯ ಮಟ್ಟಿಗೆ ಆ ಸೆಟ್ ಮುಗಿಯಿತು. ಉಳಿದ ಹಾಡು ಫೋನಿನಿಂದ ನೇರ ಸ್ಪೀಕರಿಗೆ. ಅದಕ್ಕೆ ಬೇಕಾದ ಕೇಬಲ್ ಯಾವಾಗಲೂ ಬ್ಯಾಗಿನಲ್ಲಿ ಇರಬೇಕು.

ಏನು ಬಿದ್ದದ್ದು?

ಎಲ್ಲವೂ ಇದರ ಮೇಲೆಯೇ ನಿಂತಿದೆ, ಆದರೆ ಯಾರೂ ಇದನ್ನು ಕೇಳಿ ಇಟ್ಟುಕೊಳ್ಳುವುದಿಲ್ಲ. ಬಾಟಲಿಯ ಕುಡಿಯುವ ನೀರು ಅತಿ ಸೌಮ್ಯ. ಬೇಗ ಕರೆಂಟ್ ತೆಗೆದಿದ್ದರೆ, ಸರಿಯಾಗಿ ಒಣಗಿಸಿದರೆ, ಬಹಳ ಸಲ ಬದುಕುತ್ತದೆ. ಸಾದಾ ನೀರು ಬೆರೆಸಿದ ವಿಸ್ಕಿ ಕೋಲಾ ಬೆರೆಸಿದ ರಮ್‌ಗಿಂತ ಎಷ್ಟೋ ವಾಸಿ (ಯಂತ್ರಕ್ಕೆ ಹೇಳುತ್ತಿದ್ದೇನೆ). ಕೋಲಾದಲ್ಲಿ ಸಕ್ಕರೆಯೂ ಉಂಟು, ಫಾಸ್ಫಾರಿಕ್ ಆಮ್ಲವೂ ಉಂಟು. ಪುನರ್ಪುಳಿ ಜ್ಯೂಸು, ಲೈಮ್ ಸೋಡಾ ಅದೇ ಜಾತಿ. ಹುಳಿ ಲೋಹವನ್ನು ತಿನ್ನುತ್ತದೆ, ಸಕ್ಕರೆ ಒಣಗಿ ಫೇಡರನ್ನು ಹಿಡಿಯುತ್ತದೆ, ಎರಡು ದಿನ ಬಿಟ್ಟರೆ ಕಟ್ಟಿರುವೆ ಸಾಲು ಯುಎಸ್‌ಬಿ ತೂತಿನಿಂದ ಒಳಹೋಗುತ್ತಿರುತ್ತದೆ. ಬಿಯರ್ ಇದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಅಂಟು. ಬೊಂಡದ ನೀರು ನೋಡಲಿಕ್ಕೆ ಸಾಧು, ಆದರೆ ಪೊಟ್ಯಾಶಿಯಂ ಲವಣ ಧಾರಾಳ ಇರುವುದರಿಂದ ಕರೆಂಟ್ ಚೆನ್ನಾಗಿ ಹರಿಸುತ್ತದೆ. ಅದನ್ನು ‘ಬರೀ ನೀರು’ ಎಂದು ಬಿಡಬೇಡಿ.

ಸಮುದ್ರದ ನೀರು ಎಲ್ಲಕ್ಕಿಂತ ಕೆಟ್ಟದ್ದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಣಗಿದರೂ ಉಪ್ಪು ಒಳಗೇ ಕೂತು, ನಮ್ಮ ಹವೆಯ ತೇವ ಹೀರಿಕೊಂಡು ಮತ್ತೆ ಕೆಲಸ ಶುರು ಮಾಡುತ್ತದೆ. ಬೀಚಿನಲ್ಲಿ ಒದ್ದೆಯಾದ ಕಂಟ್ರೋಲರನ್ನು ಅವತ್ತೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಆಸೆ ಬಿಡಬಹುದು.

ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮದ ಕಥೆಯೇ ಬೇರೆ. ಮದುಮಕ್ಕಳಿಗೆ ಕಾಯಿಹಾಲು, ತೆಂಗಿನೆಣ್ಣೆ ಹಚ್ಚುವುದರಲ್ಲಿ ಶುರುವಾದದ್ದು ಗೆಳೆಯರ ಕೈಗೆ ಬಂದ ಮೇಲೆ ಎರಚಾಟ ಆಗುತ್ತದೆ. ಎಣ್ಣೆ ಕರೆಂಟ್ ಹರಿಸುವುದಿಲ್ಲ, ಹಾಗಾಗಿ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಒಣಗಲಿ ಎಂದು ಏಸಿ ರೂಮಿನಲ್ಲಿ ಇಟ್ಟರೆ ಫೇಡರಿನ ಹಳಿಯಲ್ಲಿಯೇ ಬಿಳಿಯಾಗಿ ಗಟ್ಟಿಯಾಗಿ ಕೂರುತ್ತದೆ. ಕಾಯಿಹಾಲಿನಲ್ಲಿ ಕೊಬ್ಬಿನ ಜೊತೆ ನೀರೂ ಸಕ್ಕರೆಯೂ ಇರುವುದರಿಂದ ಮರುದಿನವೇ ಹುಳಿ ವಾಸನೆ. ಇದಕ್ಕೆ ಮೊದಲು ತೊಳೆಯುವ ಕೆಲಸ, ಏಸಿ ಆಮೇಲೆ.

ಯಾವುದರಿಂದ ತೊಳೆಯುವುದು

ಎಲ್ಲರೂ ಐಸೊಪ್ರೊಪೈಲ್ ಆಲ್ಕೋಹಾಲ್ ಎನ್ನುತ್ತಾರೆ. ಒಳ್ಳೆಯದೇ, ಆದರೆ ಅದರಲ್ಲಿ ಸಕ್ಕರೆ ಕರಗುವುದೇ ಇಲ್ಲ ಎನ್ನಬಹುದು. ಕೋಲಾ ಬಿದ್ದ ಬೋರ್ಡಿಗೆ ನೇರ ಆಲ್ಕೋಹಾಲ್ ಹಾಕಿ ಉಜ್ಜಿದರೆ ಅಂಟು ಜಾಗ ಬದಲಿಸುತ್ತದೆ, ಹೊರಗೆ ಬರುವುದಿಲ್ಲ. ಸಕ್ಕರೆ, ಹುಳಿ, ಉಪ್ಪು ಈ ಮೂರಕ್ಕೂ ಮೊದಲು ಡಿಸ್ಟಿಲ್ಡ್ ನೀರು. ಪೆಟ್ರೋಲ್ ಪಂಪ್, ಬ್ಯಾಟರಿ ಅಂಗಡಿಗಳಲ್ಲಿ ಬ್ಯಾಟರಿ ವಾಟರ್ ಎಂದು ಕ್ಯಾನಿನಲ್ಲಿ ಸಿಗುತ್ತದೆ. ಬ್ಯಾಟರಿ ಆಸಿಡ್ ಅಲ್ಲ, ಲೇಬಲ್ ಓದಿ ತನ್ನಿ. ನಳ್ಳಿ ನೀರಿನಲ್ಲಿ ಖನಿಜ ಇರುತ್ತದೆ, ಕಡಲ ಬದಿಯ ಬಾವಿಯಾದರೆ ಬೇಸಿಗೆಯಲ್ಲಿ ಉಪ್ಪೂ ಇರಬಹುದು. ಬೇರೆ ಗತಿ ಇಲ್ಲದ ಸಮುದ್ರನೀರಿನ ಕೇಸಿಗೆ ಮಾತ್ರ ಅದು, ಕೊನೆಯ ಸುತ್ತು ಡಿಸ್ಟಿಲ್ಡ್ ನೀರೇ ಆಗಬೇಕು. ಕಾಯಿಹಾಲು, ಎಣ್ಣೆಗೆ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಬರಿ ನೀರು.

ಆಲ್ಕೋಹಾಲಿನ ಸರದಿ ಇದರ ನಂತರ. ಉಳಿದ ನೀರನ್ನು ತನ್ನೊಡನೆ ಎಳೆದುಕೊಂಡು ಬೇಗ ಆರುತ್ತದೆ. 99 ಶೇಕಡಾದ್ದು ತನ್ನಿ. 70ರದ್ದರಲ್ಲಿ ಉಳಿದದ್ದು ನೀರು. ಕೊರೋನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿರುತ್ತದೆ, ಅದನ್ನು ಸುರಿಯಬೇಡಿ. ಕೈಗೆ ಹಿತವಾಗಲಿ ಎಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಬೋರ್ಡಿನ ಮೇಲೆ ಹಾಗೆಯೇ ಉಳಿದು ತೇವ ಹೀರುತ್ತದೆ. ಈ ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ಕಿಟಕಿ ತೆರೆದು, ಒಲೆ, ಅಗರಬತ್ತಿ ಯಾವುದೂ ಹತ್ತಿರ ಇಲ್ಲದ ಕಡೆ ಕೂತು ಮಾಡಿ. ಪಾರದರ್ಶಕ ಅಕ್ರಿಲಿಕ್ ಭಾಗಕ್ಕೆ, ಸ್ಕ್ರೀನಿಗೆ ತಾಗಿಸಬೇಡಿ.

ಫೇಡರಿನ ವಿಷಯದಲ್ಲಿ ಇನ್ನೊಂದು. ಮಾಮೂಲಿ ಫೇಡರಿನೊಳಗೆ ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಪುಟ್ಟ ಲೋಹದ ಬೆರಳು, ಜೊತೆಗೆ ಗ್ರೀಸು. ಆಲ್ಕೋಹಾಲ್ ಆ ಗ್ರೀಸನ್ನೂ ತೊಳೆದುಬಿಡುತ್ತದೆ. ಹಾಗಾಗಿ ಪ್ಲಾಸ್ಟಿಕ್ಕಿಗೆ ಸುರಕ್ಷಿತ ಎಂದು ಬರೆದಿರುವ ಕಾಂಟ್ಯಾಕ್ಟ್ ಕ್ಲೀನರ್, ಆಮೇಲೆ ಫೇಡರಿಗೆಂದೇ ಬರುವ ಲೂಬ್ರಿಕೆಂಟ್ ಒಂದು ಚೂರು. ಬೈಕಿಗೆ ಹೊಡೆಯುವ ಮಾಮೂಲಿ ಡಬ್ಲ್ಯೂಡಿ-40 ಬೇಡ. ಮೊದಲ ದಿನ ಬೆಣ್ಣೆಯಂತೆ ಜಾರುತ್ತದೆ, ಉಳಿದ ಎಣ್ಣೆಗೆ ಧೂಳು ಕೂತು ತಿಂಗಳೊಳಗೆ ಕರಕರ ಸುರು. ಅದೇ ಕಂಪನಿಯ ಕಾಂಟ್ಯಾಕ್ಟ್ ಕ್ಲೀನರ್ ಬೇರೆಯೇ ಡಬ್ಬಿ, ಅದು ಆಗಬಹುದು. ಆಯಸ್ಕಾಂತೀಯ ಸೆನ್ಸರಿನ ಫೇಡರಿನಲ್ಲಿ ಉಜ್ಜುವ ಪಟ್ಟಿ ಇಲ್ಲದ ಕಾರಣ ಅವು ಬದುಕುವ ಸಾಧ್ಯತೆ ಹೆಚ್ಚು. ಪಬ್ಬಿಗೆ ಮಿಕ್ಸರ್ ತೆಗೆದುಕೊಳ್ಳುವವರು ಇದನ್ನೂ ನೋಡಿ ಆರಿಸಬಹುದು.

ಒಣಗಿಸುವುದು

ಅಕ್ಕಿ ಡಬ್ಬಿ ಬೇಡ. ಕುಚಲಕ್ಕಿಯಾದರೂ ಅಷ್ಟೇ, ಬೆಳ್ತಿಗೆಯಾದರೂ ಅಷ್ಟೇ. ಒಳಗಿನ ನೀರನ್ನು ಅದು ಎಳೆಯುವುದಿಲ್ಲ, ಹಿಟ್ಟು ಸೀಳಿನೊಳಗೆ ಹೋಗುತ್ತದೆ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕಂಪನಿಯೇ ಹೇಳಿದೆ. ಹೇರ್ ಡ್ರೈಯರ್ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಬೆರಳಿನಿಂದ ಒತ್ತುವ ಪ್ಯಾಡ್ ಸೊಟ್ಟ ಮಾಡುತ್ತದೆ. ಮಾರ್ಚಿನಲ್ಲಾದರೆ ಬಿಸಿಲಿನ ದಿನ ನೆರಳಿನಲ್ಲಿ ಇಟ್ಟರೆ ಪರವಾಗಿಲ್ಲ, ಆದರೆ ಆಟಿಯಲ್ಲಿ ಬಿಸಿಲು ಎಲ್ಲುಂಟು? ಹೊರಗೆ ಹವೆಯೇ ತೇವದಿಂದ ತುಂಬಿರುವಾಗ ಬರಿ ಫ್ಯಾನು ಹಾಕಿದರೆ ಒದ್ದೆ ಗಾಳಿಯೇ ತಿರುಗುತ್ತಿರುತ್ತದೆ.

ಇಲ್ಲಿಗೆ ಸರಿಯಾದದ್ದು ಬಾಗಿಲು ಮುಚ್ಚಿದ ಏಸಿ ರೂಮು ಮತ್ತು ಟೇಬಲ್ ಫ್ಯಾನು. ಏಸಿ ಗಾಳಿಯ ತೇವವನ್ನೇ ತೆಗೆದು ಹೊರಗೆ ಹಾಕುತ್ತದೆ. ಬಿಚ್ಚಿದ ಕಂಟ್ರೋಲರಿಗೆ ಎರಡು ದಿನ, ಬಿಚ್ಚದ್ದಕ್ಕೆ ಕಡಿಮೆಯೆಂದರೆ ನಾಲ್ಕು. ಏಸಿ ಇಲ್ಲದವರು ಗಾಳಿಯಾಡದ ದೊಡ್ಡ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಬಣ್ಣ ಬದಲಿಸುವ ಜಾತಿಯದ್ದು ತಂದರೆ ಅದು ತುಂಬಿತೆಂದು ನೋಡಿಯೇ ಗೊತ್ತಾಗುತ್ತದೆ, ಓವನ್ನಿನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಮೇಲಿನ ನೀರು ಆರಿದ ಮೇಲೆ ಇದು, ಸುರಿಯುತ್ತಿರುವಾಗ ಅಲ್ಲ.

ನಾವೇ ಬಿಚ್ಚುವುದಾ, ಕೊಡುವುದಾ, ಹೊಸದಾ

ಯುಎಸ್‌ಬಿಯಿಂದ ನಡೆಯುವ 5 ವೋಲ್ಟಿನ ಕಂಟ್ರೋಲರನ್ನು ಮನೆಯಲ್ಲಿ ಬಿಚ್ಚಬಹುದು. ನಾಬ್‌ಗಳನ್ನು ನೇರ ಮೇಲಕ್ಕೆ ಎಳೆದು ತೆಗೆಯಿರಿ, ಪ್ರತಿ ಹಂತಕ್ಕೆ ಫೋಟೋ ಹೊಡೆಯಿರಿ, ಪಟ್ಟಿ ಕೇಬಲ್ಲಿನ ಚಿಲಕ ಎತ್ತದೆ ಎಳೆಯಬೇಡಿ. ಆದರೆ ಒಳಗೆ ಪವರ್ ಸಪ್ಲೈ ಇರುವ ಮಿಕ್ಸರ್, ಸಿಡಿಜೆ, ಪವರ್ಡ್ ಸ್ಪೀಕರ್ ಬಿಚ್ಚುವುದು ಬೇಡ. ಅದರ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ದಾಟಿ ಉಳಿದಿರಬಹುದು. ಬ್ಯಾಟರಿ ಒಳಗೇ ಕೂತಿರುವ ಲ್ಯಾಪ್‌ಟಾಪ್ ಕೂಡ ಸರ್ವಿಸಿನವರ ಕೈಗೇ, ಅದೂ ಮರುದಿನವೇ.

ಮನೆಯಲ್ಲಿ ತೊಳೆದದ್ದನ್ನು ಒಣಗಿದ ಮೇಲೆ ಮೊದಲು ಮೊಬೈಲ್ ಚಾರ್ಜರಿಗೆ ಹಾಕಿ, ನಿಮ್ಮ ಲ್ಯಾಪ್‌ಟಾಪಿಗೆ ಅಲ್ಲ. ಎಲ್ಲಾದರೂ ಬಿಸಿಯಾಗುತ್ತದಾ ಎಂದು ಕೈಯಿಟ್ಟು ನೋಡಿ. ಆಮೇಲೆ ಸಾಫ್ಟ್‌ವೇರಿಗೆ ಜೋಡಿಸಿ ಒಂದೊಂದೇ ಫೇಡರನ್ನು ಮಧ್ಯದಲ್ಲಿ ಬಿಟ್ಟು ಪರದೆಯನ್ನು ಗಮನಿಸಿ. ನಿಮ್ಮ ಕೈ ತೆಗೆದಿದ್ದರೂ ಪರದೆಯ ಫೇಡರ್ ಸಣ್ಣಗೆ ನಡುಗುತ್ತಿದ್ದರೆ ಒಳಗೆ ಇನ್ನೂ ಏನೋ ಉಳಿದಿದೆ, ಇನ್ನೊಂದು ಸುತ್ತು ತೊಳೆಯಬೇಕು. ಎಲ್ಲ ಸರಿ ಇದ್ದರೂ ಹದಿನೈದು ದಿನ ಬಿಟ್ಟು ಒಮ್ಮೆ ತೆರೆದು ಕಿಲುಬು ಹುಡುಕಿ.

ಒಂದೆರಡು ಫೇಡರ್, ಒಂದು ಪ್ಯಾಡ್ ಮಾತ್ರ ಹೋಗಿದ್ದರೆ ರಿಪೇರಿ ಮಾಡಿಸಿ. ಮೈನ್ ಬೋರ್ಡೇ ಕಿಲುಬು ಹಿಡಿದ ಸಣ್ಣ ಕಂಟ್ರೋಲರಿಗೆ ಹೊಸದರ ಅರ್ಧ ಬೆಲೆ ಕೇಳಿದರೆ ನಾನಾದರೆ ಹೊಸದೇ ತೆಗೆದುಕೊಳ್ಳುತ್ತೇನೆ, ಹಳೆಯದನ್ನು ನಾಬ್, ಫೇಡರುಗಳಿಗಾಗಿ ಇಟ್ಟುಕೊಳ್ಳುತ್ತೇನೆ. ಸಿಡಿಜೆ ದರ್ಜೆಯದಕ್ಕೆ ಲೆಕ್ಕ ಉಲ್ಟಾ, ಅಲ್ಲಿ ಬೋರ್ಡ್ ಬದಲಿಸಿದರೂ ಲಾಭವೇ. ವಾರಂಟಿಯನ್ನು ನೆಚ್ಚಬೇಡಿ, ದ್ರವ ಬಿದ್ದ ಹಾನಿ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಬಾಡಿಗೆಗೆ ಸೆಟ್ ಕೊಡುವವರಾದರೆ ಉಪಕರಣಗಳ ಇನ್ಶೂರೆನ್ಸ್ ವಿಚಾರಿಸಿ, ಅಂಗಡಿಯಿಂದ ಹೊರಗೆ ಹೋದಾಗಲೂ ಅನ್ವಯಿಸುತ್ತದಾ ಎಂದು ಕೇಳಿಯೇ ಸಹಿ ಹಾಕಿ.

ರಿಪೇರಿಗೆ ಕೊಡುವಾಗ ‘ಸುಮ್ಮನೆ ಆಫ್ ಆಯಿತು’ ಎನ್ನಬೇಡಿ. ಮಸಾಲೆ ಸೋಡಾ ಬಿತ್ತು, ಇಷ್ಟು ಹೊತ್ತಿಗೆ ಬಿತ್ತು, ಆಮೇಲೆ ಎರಡು ಸಲ ಆನ್ ಮಾಡಿದೆವು ಎಂದು ಒಂದು ಚೀಟಿಯಲ್ಲಿ ಬರೆದು ಕಂಟ್ರೋಲರಿಗೆ ಅಂಟಿಸಿ ಕೊಡಿ. ಮೆಕ್ಯಾನಿಕ್ಕಿಗೆ ನೀರು ಮೊದಲಾ ಆಲ್ಕೋಹಾಲ್ ಮೊದಲಾ ಎಂದು ಗೊತ್ತಾಗುವುದು ಅದರಿಂದಲೇ.